8 ಜಿಬಿ ರ‍್ಯಾಮ್, ಆರು ವಿಎಂ: ಎರಡು ವರ್ಷ ಬಳಸಿದ ಮೇಲೆ ಪ್ರಾಕ್ಸ್‌ಮಾಕ್ಸ್

ಪ್ರಾಕ್ಸ್‌ಮಾಕ್ಸ್ ಅಂದರೆ ಒಂದೇ ಕಂಪ್ಯೂಟರಿನೊಳಗೆ ಹಲವು ವರ್ಚುವಲ್ ಕಂಪ್ಯೂಟರ್‌ಗಳನ್ನು (ವಿಎಂ) ಓಡಿಸುವ ಸಾಫ್ಟ್‌ವೇರ್. ಅದರ ನೋಡ್ (ಅದು ಓಡುವ ಯಂತ್ರ) ಸಮ್ಮರಿ ಪುಟದಲ್ಲಿ, ರ‍್ಯಾಮ್ ಬಳಕೆ ತೋರಿಸುವ ಜಾಗದ ಹತ್ತಿರ, ‘ಕೆಎಸ್ಎಂ ಷೇರಿಂಗ್’ ಅಂತ ಒಂದು ಸಣ್ಣ ಸಾಲಿದೆ. ಹೊಸದಾಗಿ ಹಾಕಿಕೊಂಡವರಿಗೆ ಅಲ್ಲಿ ಸೊನ್ನೆ ಕಾಣುತ್ತೆ, ಹಾಗಾಗಿ ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲ. ಈ ವಿಮರ್ಶೆ ಬಹುಪಾಲು ಆ ಒಂದು ಸಾಲಿನ ಬಗ್ಗೆ.

ಯಂತ್ರ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಸೆಕೆಂಡ್ ಹ್ಯಾಂಡ್ ಮಿನಿ ಡೆಸ್ಕ್‌ಟಾಪ್. ಆರನೇ ತಲೆಮಾರಿನ ಐ5, ಎಸ್ಎಸ್‌ಡಿ, ಒಂದೇ ಒಂದು 8 ಜಿಬಿ ಸ್ಟಿಕ್. ತುಮಕೂರಿನಿಂದ ಬೆಳಗಿನ ರೈಲು ಹತ್ತಿದರೆ ಸಂಜೆಗೆ ಡಬ್ಬ ಮನೆಯಲ್ಲಿರುತ್ತೆ. ಇನ್ನೊಂದು ಸ್ಟಿಕ್ ಹಾಕಿದರೆ ಮುಗಿಯಿತಲ್ಲ ಅನ್ನಬಹುದು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವ ರೀತಿ ನೋಡಿದರೆ, ಲಿನಕ್ಸ್ ಮತ್ತು ನೆಟ್‌ವರ್ಕಿಂಗ್ ಅಭ್ಯಾಸಕ್ಕೆ ಇರುವುದರಲ್ಲೇ ತೂಗಿಸುವುದು ಮೇಲು.

ಲೆಕ್ಕ ಹೀಗಿದೆ. ತಲಾ 1 ಜಿಬಿಯ ಐದು ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ವಿಎಂ, ಲೆಕ್ಕಪತ್ರದ ಟ್ಯಾಲಿಗೆ ಎರಡೂವರೆ ಜಿಬಿಯ ಒಂದು ವಿಂಡೋಸ್ 10. ಅಲ್ಲಿಗೇ ಏಳೂವರೆ. ಪ್ರಾಕ್ಸ್‌ಮಾಕ್ಸ್ ತನಗೇ ಒಂದು ಜಿಬಿಗಿಂತ ಸ್ವಲ್ಪ ಹೆಚ್ಚು ಇಟ್ಟುಕೊಳ್ಳುತ್ತೆ. ಪ್ರತಿ ವಿಎಂ ಅನ್ನು ಹಿಂದಿನಿಂದ ಓಡಿಸುವ ಕ್ಯೂಎಂಯು ಪ್ರೋಸೆಸ್ ಸುಮಾರು ನೂರು ಎಂಬಿ ಮೇಲುಖರ್ಚು ಮಾಡುತ್ತೆ. ಆನ್‌ಬೋರ್ಡ್ ಗ್ರಾಫಿಕ್ಸ್ ತನ್ನ ಪಾಲು ತೆಗೆದುಕೊಂಡ ಮೇಲೆ ಕೈಗೆ ಸಿಗುವುದು 7.6ರ ಆಸುಪಾಸು, ಬೇಕಾಗಿರುವುದು ಒಂಬತ್ತು ದಾಟಿದೆ. ಆದರೂ ಆರೂ ಓಡುತ್ತವೆ.

ಮುಖ್ಯವಾಗಿ ಓಡಿಸುವುದು ಕೆಎಸ್ಎಂ (ಕರ್ನಲ್ ಸೇಮ್‌ಪೇಜ್ ಮರ್ಜಿಂಗ್). 2009ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಬಂದ ಸೌಲಭ್ಯ ಇದು. ಎಲ್ಲ ವಿಎಂಗಳ ಮೆಮೊರಿಯನ್ನು 4 ಕೆಬಿಯ ಪುಟಪುಟವಾಗಿ ಓದಿ, ಅಕ್ಷರಶಃ ಒಂದೇ ತರಹ ಇರುವ ಪುಟಗಳಲ್ಲಿ ಒಂದನ್ನು ಮಾತ್ರ ಉಳಿಸಿ, ಮಿಕ್ಕವರಿಗೆಲ್ಲ ಅದನ್ನೇ ತೋರಿಸುತ್ತೆ. ಯಾವುದಾದರೂ ವಿಎಂ ಆ ಪುಟದ ಮೇಲೆ ಬರೆಯಲು ಹೊರಟರೆ ಅದಕ್ಕೆ ಆ ಕ್ಷಣ ಪ್ರತ್ಯೇಕ ನಕಲು ಸಿಗುತ್ತೆ. ಹೋಸ್ಟ್‌ನಲ್ಲಿ (ವಿಎಂಗಳನ್ನು ಹೊತ್ತ ಯಂತ್ರದಲ್ಲಿ) ಖಾಲಿ ಮೆಮೊರಿ ಸುಮಾರು ಐದನೇ ಒಂದು ಭಾಗಕ್ಕೆ ಇಳಿಯುವವರೆಗೆ ಇದು ಮಲಗಿರುತ್ತೆ, ಆ ಸೊನ್ನೆಗೆ ಕಾರಣ ಅದು.

ದಿನದ ಮೊದಲ ಕೆಲಸ ಬ್ರೌಸರಿನಲ್ಲಿ 8006 ಪೋರ್ಟ್ ತೆರೆದು ಡೆಬಿಯನ್‌ಗಳನ್ನು ಒಂದೊಂದಾಗಿ ಎಬ್ಬಿಸುವುದು. ಮೂರನೆಯದಕ್ಕೂ ಸೊನ್ನೆಯೇ. ವಿಂಡೋಸ್ ಎದ್ದ ಮೇಲೆ ರ‍್ಯಾಮ್ ಪಟ್ಟಿ ಎಂಬತ್ತು ದಾಟುತ್ತೆ, ಒಂದೆರಡು ನಿಮಿಷದಲ್ಲಿ ಆ ಸಾಲು ಅಲುಗಾಡುತ್ತೆ. 40 ಎಂಬಿ, 180, 420. ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಒಂದು ಜಿಬಿ ಹತ್ತಿರ ಬಂದು ನಿಲ್ಲುತ್ತೆ. ಕೈಯಿಂದ ಒಂದು ಪೈಸೆ ಬಿಚ್ಚದೆ ಬಂದ ಜಿಬಿ. ಎರಡು ವರ್ಷವಾದರೂ ಅದು ಏರುವುದನ್ನು ನೋಡುವ ಖುಷಿ ಕಡಿಮೆಯಾಗಿಲ್ಲ.

ಇಷ್ಟು ಸಿಗಬೇಕಾದರೆ ಐದೂ ವಿಎಂ ಒಂದೇ ಟೆಂಪ್ಲೇಟಿನ (ಅಚ್ಚಿನಂತೆ ಇಟ್ಟುಕೊಂಡ ವಿಎಂನ) ಕ್ಲೋನ್, ಅಂದರೆ ನಕಲು, ಆಗಿರಬೇಕು: ಅದೇ ಕರ್ನಲ್, ಅದೇ ಪ್ಯಾಕೇಜ್ ಆವೃತ್ತಿ. ಒಂದು ಡೆಬಿಯನ್, ಒಂದು ಉಬುಂಟು, ಒಂದು ಆಲ್ಮಾ ಅಂತ ಬಗೆಬಗೆಯದು ಇಟ್ಟುಕೊಂಡರೆ ಹೊಂದುವ ಪುಟಗಳೇ ಕಡಿಮೆ, ಸಿಗುವುದು ಹೆಚ್ಚಾಗಿ ಸೊನ್ನೆ ತುಂಬಿದ ಪುಟಗಳಷ್ಟೇ. ವಿಎಂಗೆ ಹ್ಯೂಜ್ ಪೇಜಸ್ (4 ಕೆಬಿಗಿಂತ ತುಂಬಾ ದೊಡ್ಡ ಪುಟಗಳು) ಕಟ್ಟಿಟ್ಟರೆ ಅದೂ ಇಲ್ಲ, ಆ ಮೆಮೊರಿಯನ್ನು ಕೆಎಸ್ಎಂ ಮುಟ್ಟುವುದಿಲ್ಲ. ಟೆಂಪ್ಲೇಟ್ ಮಾಡುವಾಗ ಮಷಿನ್ ಐಡಿ ಫೈಲನ್ನು (ವಿಎಂನ ಗುರುತು ಸಂಖ್ಯೆ ಇರುವುದು) ಖಾಲಿ ಮಾಡುವುದು ಮರೆಯಬೇಡಿ. ಮರೆತರೆ ಐದೂ ಕ್ಲೋನ್‌ಗಳಿಗೆ ಒಂದೇ ಐಪಿ ವಿಳಾಸ ಬಂದು, ತಪ್ಪು ಎಲ್ಲಿದೆ ಅಂತ ಹುಡುಕುವುದರಲ್ಲೇ ಅರ್ಧ ದಿನ ಹೋಗಬಹುದು.

ಇನ್ನು ಬೇಸರದ ಮಾತು. ಆ ಒಂದು ಜಿಬಿ ಕೈಗಡ. ಕರೆಂಟ್ ಹೋಗಿ ಬಂದ ಮೇಲೆ ಅದು ಇರುವುದಿಲ್ಲ.

ಯಂತ್ರ ಮತ್ತೆ ಎದ್ದಾಗ ಆರೂ ವಿಎಂ ಒಟ್ಟಿಗೆ ಬೂಟ್ ಆಗುತ್ತವೆ. ಪ್ರತಿಯೊಂದೂ ತನ್ನ ಮೆಮೊರಿಯನ್ನು ಹೊಸದಾಗಿ ತುಂಬಿಕೊಳ್ಳುತ್ತೆ, ಯಾವ ಪುಟವೂ ಇನ್ನೂ ಬೆಸೆದಿಲ್ಲ. ವಿಂಡೋಸ್ ಬೇರೆ, ಬೂಟ್ ಆಗುತ್ತಿದ್ದಂತೆ ತನ್ನ ಖಾಲಿ ಮೆಮೊರಿಗೆಲ್ಲ ಸೊನ್ನೆ ಬರೆಯುತ್ತೆ. ಒಳಗೆ ಅರ್ಧ ಖಾಲಿ ಇದ್ದರೂ ಹೋಸ್ಟ್‌ನ ಕಣ್ಣಿಗೆ ಎರಡೂವರೆ ಜಿಬಿಯೂ ಖರ್ಚಾದಂತೆ. ಕೆಎಸ್ಎಂ ನಿಧಾನವಾಗಿ ಓದುತ್ತಾ ಬರುವ ಮೊದಲೇ ರ‍್ಯಾಮ್ ಮುಗಿದು, ಕರ್ನಲ್‌ನ ಓಓಎಂ ಕಿಲ್ಲರ್ ಅತಿ ದೊಡ್ಡ ಪ್ರೋಸೆಸ್ ಹುಡುಕಿ ಕೊಲ್ಲುತ್ತೆ. ದೊಡ್ಡದು ವಿಂಡೋಸ್. ವಿಎಂ ಪಟ್ಟಿಯಲ್ಲಿ ಅದು ನಿಂತಿದೆ ಅಂತಷ್ಟೇ ಕಾಣುತ್ತೆ, ಕಾರಣ ಬೇಕಾದರೆ ನೋಡ್‌ನ ಸಿಸ್ಟಮ್ ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ’ ಸಾಲು ಹುಡುಕಬೇಕು. ಟ್ಯಾಲಿ ತೆರೆದಿದ್ದಾಗ ಹೀಗಾದರೆ ಡೇಟಾ ಕೆಡುವ ಅಪಾಯ ನಿಜವಾದದ್ದು. ಬ್ಯಾಕಪ್ ಇಲ್ಲದೆ ಈ ಪ್ರಯೋಗಕ್ಕೆ ಇಳಿಯಲೇಬೇಡಿ.

ಅದಕ್ಕಿಂತ ಗುಪ್ತವಾದ ಇನ್ನೊಂದು ತೊಂದರೆ ಅಪ್‌ಡೇಟ್‌ನದು. ಕ್ಲೌಡ್ ಇಮೇಜ್‌ನಿಂದ (ಮೊದಲೇ ಸಿದ್ಧಮಾಡಿದ ಡಿಸ್ಕ್ ಫೈಲ್) ಟೆಂಪ್ಲೇಟ್ ಮಾಡಿದ್ದು, ಅದರಲ್ಲಿ ತಾನಾಗಿಯೇ ಅಪ್‌ಡೇಟ್ ಹಾಕುವ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಇದ್ದರೆ, ಡೆಬಿಯನ್‌ನ ಟೈಮರ್ ಬೆಳಿಗ್ಗೆ ಆರರಿಂದ ಏಳರ ನಡುವೆ ಅಪ್‌ಗ್ರೇಡ್ ಶುರು ಮಾಡುತ್ತೆ. ಆಗ ವಿಎಂ ಆಫ್ ಆಗಿದ್ದರೆ ಆ ಕೆಲಸ ಮುಂದಿನ ಬೂಟ್‌ಗೆ ಕಾದು ಕೂತಿರುತ್ತೆ. ಅಂದರೆ ಕರೆಂಟ್ ಬಂದ ಕೂಡಲೇ ಐದೂ ವಿಎಂ ಬೂಟ್ ಆಗಿ, ಮೇಲಿಂದ ಅಪ್‌ಗ್ರೇಡನ್ನೂ ಶುರು ಮಾಡುತ್ತವೆ. ಟೆಂಪ್ಲೇಟ್‌ನಲ್ಲೇ ಆಪ್ಟ್‌ನ (ಡೆಬಿಯನ್‌ನ ಪ್ಯಾಕೇಜ್ ಹಾಕುವ ಸಾಧನ) ಎರಡೂ ಟೈಮರ್‌ಗಳನ್ನು, ಅಂದರೆ ಪ್ಯಾಕೇಜ್ ಪಟ್ಟಿ ತರುವುದು ಮತ್ತು ಅಪ್‌ಗ್ರೇಡ್ ಮಾಡುವುದು, ನಿಲ್ಲಿಸಿ. ವಾರಕ್ಕೊಮ್ಮೆ ಕೈಯಿಂದಲೇ, ಒಂದು ಮುಗಿದ ಮೇಲೆ ಇನ್ನೊಂದು ಅಂತ ಅಪ್‌ಗ್ರೇಡ್ ಮಾಡಿ. ಐದನ್ನೂ ಅದೇ ದಿನ ಮುಗಿಸಿ, ಆವೃತ್ತಿ ಬೇರೆಬೇರೆಯಾದರೆ ಬೆಸೆಯುವ ಪುಟಗಳೂ ಕಡಿಮೆಯಾಗುತ್ತವೆ.

ಬೂಟ್ ಸಮಸ್ಯೆಗೆ ಪರಿಹಾರ ಪ್ರಾಕ್ಸ್‌ಮಾಕ್ಸ್‌ನಲ್ಲೇ ಇದೆ. ಪ್ರತಿ ವಿಎಂನ ಆಪ್ಷನ್ಸ್‌ನಲ್ಲಿ ಸ್ಟಾರ್ಟ್-ಷಟ್‌ಡೌನ್ ಆರ್ಡರ್ ತೆರೆದು ಸರದಿ ಸಂಖ್ಯೆ ಕೊಡಿ. ಡೆಬಿಯನ್‌ಗಳ ನಡುವೆ 90 ಸೆಕೆಂಡ್ ಸ್ಟಾರ್ಟ್‌ಅಪ್ ಡಿಲೇ ಸಾಕು. ಕೊನೆಯ ಡೆಬಿಯನ್‌ಗೆ 300 ಇಟ್ಟರೆ ವಿಂಡೋಸ್ ಐದು ನಿಮಿಷ ತಡವಾಗಿ ಏಳುತ್ತೆ. ಅಷ್ಟು ಹೊತ್ತಿಗೆ ಮೊದಲಿನವು ಬೂಟ್ ಗಡಿಬಿಡಿ ಮುಗಿಸಿರುತ್ತವೆ. ನೋಡ್‌ನ ಸಿಸ್ಟಮ್ ಆಪ್ಷನ್ಸ್‌ನಲ್ಲಿ ‘ಸ್ಟಾರ್ಟ್ ಆನ್ ಬೂಟ್ ಡಿಲೇ’ ಕೂಡ ಇದೆ. ಬೇಸಿಗೆಯಲ್ಲಿ ಕರೆಂಟ್ ಬಂದು ಎರಡೇ ನಿಮಿಷಕ್ಕೆ ಮತ್ತೆ ಹೋಗುವುದು ನಮ್ಮೂರಿನವರಿಗೆ ಗೊತ್ತಿರುವ ವಿಷಯ, ಅದಕ್ಕೆ ಇದನ್ನೂ 300ಕ್ಕೆ ಏರಿಸಿ. ಮನೆಯ ಇನ್ವರ್ಟರ್‌ಗೆ ಕಂಪ್ಯೂಟರ್ ಸೇರಿಸಿದ್ದರೆ ಅದರ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯೇ ನೋಡಿ. ಇನ್ನೊಂದು ಮೋಡ್‌ನಲ್ಲಿ ಬದಲಾವಣೆಗೆ ಹೆಚ್ಚು ಹೊತ್ತು ಹಿಡಿದು ಯಂತ್ರ ರೀಸ್ಟಾರ್ಟ್ ಆಗಬಹುದು. ಫ್ಯಾನು, ಟ್ಯೂಬ್‌ಲೈಟ್‌ಗೆ ಆ ಅಂತರ ಗೊತ್ತೇ ಆಗುವುದಿಲ್ಲ.

ಡೆಬಿಯನ್‌ನ ಜಡ್‌ರ‍್ಯಾಮ್ ಟೂಲ್ಸ್ ಪ್ಯಾಕೇಜನ್ನೂ ಹೋಸ್ಟ್‌ನಲ್ಲಿ ಹಾಕಿ. ರ‍್ಯಾಮ್‌ನಲ್ಲೇ ಒತ್ತಿ ಇಡುವ ಸ್ವಾಪ್ (ಮೆಮೊರಿ ಸಾಲದಾದಾಗ ಪುಟಗಳನ್ನು ಸರಿಸಿಡುವ ಜಾಗ) ಅದು. ಒತ್ತುವ ಅಲ್ಗಾರಿದಮ್ ಜಡ್‌ಎಸ್‌ಟಿಡಿ, ಪ್ರಮಾಣ ಒಟ್ಟು ಮೆಮೊರಿಯ 25 ಶೇಕಡ. ಬೂಟ್ ಹೊತ್ತಿನ ಹೊರೆ ತಡೆಯುವುದು ಇದೇ, ಎಸ್ಎಸ್‌ಡಿಯ ಮೇಲೆ ಸ್ವಾಪ್ ಬರಹವೂ ಕಡಿಮೆಯಾಗುತ್ತೆ. ಸ್ವಾಪ್‌ನ ಪೇಜ್ ಕ್ಲಸ್ಟರ್ ಮೌಲ್ಯ ಸೊನ್ನೆ ಮಾಡಿ. ಮೊದಲೇ ಇರುವ 3ರಲ್ಲಿ ಒಂದು ಪುಟ ಕೇಳಿದರೆ ಎಂಟು ಪುಟ ಬಿಚ್ಚುವ ಕೆಲಸ ಆಗುತ್ತೆ, ಜಡ್‌ರ‍್ಯಾಮ್‌ಗೆ ಅದರಿಂದ ಲಾಭವಿಲ್ಲ.

ಬಲೂನಿಂಗ್ ಅನ್ನು (ವಿಎಂಗೆ ಕೊಟ್ಟ ಮೆಮೊರಿಯನ್ನು ಹೋಸ್ಟ್ ವಾಪಸ್ ಪಡೆಯುವ ವಿಧಾನ) ಎಲ್ಲರೂ ಹೊಗಳುತ್ತಾರೆ, 8 ಜಿಬಿಯಲ್ಲಿ ಅದು ಅಷ್ಟು ಒಳ್ಳೆಯದಲ್ಲ. ಹೋಸ್ಟ್ ಎಂಬತ್ತು ಶೇಕಡ ಮುಟ್ಟಿದಾಗ ವಿಎಂಗಳ ಮೆಮೊರಿ ಹಿಂಡಲು ಶುರು ಮಾಡುತ್ತೆ, ಕೆಎಸ್ಎಂ ಏಳುವುದೂ ಅದೇ ಹೊತ್ತಿಗೆ. ಹಾಗಾಗಿ ಬೆಸುಗೆಯಿಂದ ಉಳಿಯಬಹುದಾಗಿದ್ದ ಮೆಮೊರಿಯನ್ನು ಬಲೂನು ಮೊದಲೇ ಕಿತ್ತುಕೊಂಡು, 1 ಜಿಬಿಯ ವಿಎಂ 512ಕ್ಕೆ ಇಳಿದು, ಒಳಗಿನ ಮರಿಯಾಡಿಬಿ ಡೇಟಾಬೇಸ್ ಸಾಯಬಹುದು. ಮಿನಿಮಮ್ ಮತ್ತು ಮೆಮೊರಿ ಎರಡರಲ್ಲೂ 1024 ಅಂತಲೇ ಬರೆಯಿರಿ. ಬಲೂನ್ ಡಿವೈಸನ್ನು ಮಾತ್ರ ತೆಗೆಯಬೇಡಿ, ಒಳಗಿನ ನಿಜವಾದ ಬಳಕೆ ಎಷ್ಟು ಅಂತ ಹೋಸ್ಟ್‌ಗೆ ಹೇಳುವುದು ಅದೇ. ವಿಂಡೋಸ್‌ನಲ್ಲಿ ಅದಕ್ಕೆ ವರ್ಟ್‌ಐಒ ಡ್ರೈವರ್‌ಗಳಿರುವ ಐಎಸ್ಒ ಫೈಲಿನಿಂದ ಡ್ರೈವರ್ ಹಾಕಬೇಕು.

ಇನ್‌ಸ್ಟಾಲ್ ಮಾಡುವಾಗ ಫೈಲ್ ಸಿಸ್ಟಮ್ ಕೇಳಿದರೆ ಜಡ್‌ಎಫ್‌ಎಸ್ ಬೇಡ, ಇಎಕ್ಸ್‌ಟಿ4 ಆರಿಸಿ. ಜಡ್‌ಎಫ್‌ಎಸ್ ಡಿಸ್ಕ್‌ನಿಂದ ಓದಿದ್ದನ್ನು ಇಟ್ಟುಕೊಳ್ಳುವ ತನ್ನ ಎಆರ್‌ಸಿ ಕ್ಯಾಶ್‌ಗೆ ರ‍್ಯಾಮ್ ಕೇಳುತ್ತೆ. ಪ್ರಾಕ್ಸ್‌ಮಾಕ್ಸ್ 8.1ಕ್ಕಿಂತ ಹಳೆಯ ಆವೃತ್ತಿಯಲ್ಲಿ ಹಾಕಿದ್ದವರಿಗೆ ಅದರ ಮಿತಿ ಅರ್ಧ ರ‍್ಯಾಮ್, ಈಗ ಹತ್ತನೇ ಒಂದು ಭಾಗ. ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪ್ರತಿ), ಲಿಂಕ್ಡ್ ಕ್ಲೋನ್ (ಟೆಂಪ್ಲೇಟಿನ ಡಿಸ್ಕನ್ನೇ ಹಂಚಿಕೊಳ್ಳುವ ನಕಲು) ಎರಡೂ ಎಕ್ಸ್‌ಟಿ4 ಜೊತೆ ಬರುವ ಎಲ್‌ವಿಎಂ ಥಿನ್ ಸಂಗ್ರಹದಲ್ಲೂ ಸಿಗುತ್ತವೆ. ಥಿನ್ ಪೂಲ್ ಪೂರ್ತಿ ತುಂಬದಂತೆ ನೋಡಿಕೊಂಡರೆ ಸಾಕು.

ಬೇರೆಯವರಿಗೆ ಬಾಡಿಗೆಗೆ ವಿಎಂ ಕೊಡುವವರು ಕೆಎಸ್ಎಂ ನಿಲ್ಲಿಸಬೇಕು. ಹಂಚಿದ ಪುಟಕ್ಕೆ ಬರೆಯುವಾಗ ಆಗುವ ತಡವನ್ನು ಅಳೆದು, ಪಕ್ಕದ ವಿಎಂನಲ್ಲಿ ಏನಿದೆ ಅಂತ ಊಹಿಸುವ ದಾರಿಗಳಿವೆ. ಮನೆಯ ಅಭ್ಯಾಸಕ್ಕೆ ಆ ಭಯವಿಲ್ಲ.

ಡಿಎನ್‌ಎಸ್, ಸಣ್ಣ ವೆಬ್ ಸರ್ವರ್‌ಗೆ ವಿಎಂ ಬೇಕೇ ಅಂತಲೂ ಯೋಚಿಸಿ. ವಿಎಂಗೆ ಬದಲಾಗಿ ಬಳಸಬಹುದಾದ ಎಲ್‌ಎಕ್ಸ್‌ಸಿ ಕಂಟೇನರ್ ಹೋಸ್ಟ್‌ನ ಕರ್ನಲ್ಲನ್ನೇ ಬಳಸುವುದರಿಂದ ಹತ್ತಾರು ಎಂಬಿಯಲ್ಲಿ ಮುಗಿಯುತ್ತೆ. ಐದು ಡೆಬಿಯನ್‌ಗಳಲ್ಲಿ ಎರಡನ್ನು ಹಾಗೆ ಬದಲಿಸಿದ ಮೇಲೆ ಕೆಎಸ್ಎಂ ಷೇರಿಂಗ್ 600 ಎಂಬಿಗೆ ಇಳಿದಿದೆ, ಕರೆಂಟ್ ಹೋಗಿ ಬಂದರೂ ವಿಂಡೋಸ್ ಸಾಯುತ್ತಿಲ್ಲ.