ಉಭಯಚರ ವಾಹನಕ್ಕೆ ಸೆಕೆಂಡ್ ಹ್ಯಾಂಡ್ ಪ್ಲಾಸ್ಟಿಕ್ ಟ್ರ್ಯಾಕ್: ನಾಲ್ಕು ವರ್ಷಗಳ ಬಳಕೆಯ ನಂತರ

ನೆಲದಲ್ಲೂ ನೀರಿನಲ್ಲೂ ಓಡುವ ನನ್ನ ಆರು ಚಕ್ರದ ವಾಹನಕ್ಕೆ ನಾಲ್ಕು ವರ್ಷಗಳ ಹಿಂದೆ ಒಂದು ಜೊತೆ ಟ್ರ್ಯಾಕ್‌ಗಳನ್ನು, ಅಂದರೆ ಪ್ರತಿ ಬದಿಯ ಟೈರುಗಳ ಮೇಲೆ ಸುತ್ತಿ ಹಾಕುವ, ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ ಕೊಂಡಿಗಳ ಪಟ್ಟಿಗಳನ್ನು, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಕೊಳ್ಳುವ ದಿನ ನಾನು ಪರೀಕ್ಷಿಸಿದ್ದು ನೆಲಕ್ಕೆ ತಾಗುವ ಹಲ್ಲುಗಳ ಸವೆತವನ್ನು ಮಾತ್ರ, ಅವು ಚೆನ್ನಾಗಿಯೇ ಇದ್ದವು. ಆದರೆ ನಿಜವಾಗಿ ನೋಡಬೇಕಾಗಿದ್ದುದು ಕೊಂಡಿಗಳನ್ನು ಒಂದಕ್ಕೊಂದು ಜೋಡಿಸುವ ಪಿನ್ನಿನ ರಂಧ್ರಗಳನ್ನು. ಒಂದೊಂದು ಕೀಲಿನಲ್ಲಿ ಅರ್ಧ ಮಿಲಿಮೀಟರ್ ಸಡಿಲವಾದರೂ ಐವತ್ತು ಕೊಂಡಿಗಳ ಟ್ರ್ಯಾಕ್ ಒಟ್ಟು 25 ಮಿಲಿಮೀಟರ್ ಉದ್ದವಾಗುತ್ತದೆ. ಬಿಡಿ ಕೊಂಡಿಯಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ. ದಪ್ಪ ಕೆಸರಿನಲ್ಲಿ ವಾಹನವನ್ನು ತಿರುಗಿಸಿದಾಗ ಟ್ರ್ಯಾಕ್ ಟೈರುಗಳ ಮೇಲಿಂದ ಕಳಚಿಕೊಂಡಾಗಲೇ ತಿಳಿಯುತ್ತದೆ. ಮೊದಲ ವರ್ಷ ನನಗೆ ಮೂರು ಬಾರಿ ಹೀಗಾಯಿತು. ಟೈರಿಗೆ ಗಾಳಿ ಹೆಚ್ಚಿಸಿ ಬಿಗಿಗೊಳಿಸಲು ನೋಡಿದೆ, ಸಾಲಲಿಲ್ಲ. ಕೊನೆಗೆ ಎರಡೂ ಬದಿಯಿಂದ ಒಂದೊಂದು ಕೊಂಡಿ ತೆಗೆದ ಮೇಲೆ ತೊಂದರೆ ನಿಂತಿತು. ಆದ್ದರಿಂದ ಕೊಳ್ಳುವವರು ಟ್ರ್ಯಾಕನ್ನು ಸಮತಟ್ಟಾದ ನೆಲದ ಮೇಲೆ ಹಾಸಿ, ಬಿಗಿಯಾಗಿ ಎಳೆದು, ಹತ್ತು ಕೊಂಡಿಗಳ ಉದ್ದವನ್ನು ಮೂರು ನಾಲ್ಕು ಕಡೆ ಅಳೆದು, ಎರಡೂ ಟ್ರ್ಯಾಕ್‌ಗಳ ಅಳತೆಯನ್ನು ಹೋಲಿಸಿ ನೋಡಬೇಕೆಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಪಾಲಿಎಥಿಲೀನ್ ಬಿಸಿಗೆ ಉಕ್ಕಿಗಿಂತ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗುವುದರಿಂದ, ಬೆಳಗಿನ ಚಳಿಯಲ್ಲಿ ಸರಿಯಾಗಿದ್ದ ಬಿಗಿತ ನಡುಮಧ್ಯಾಹ್ನ ಸಡಿಲವಾಗುತ್ತದೆ. ನಾನು ಹೊರಡುವ ಮುನ್ನ ಒಮ್ಮೆ, ಬಿಸಿಲೇರಿದ ಮೇಲೆ ಇನ್ನೊಮ್ಮೆ ಪರೀಕ್ಷಿಸುತ್ತೇನೆ.

ನೀರಿನಲ್ಲಿ ಇವುಗಳಿಂದ ನನಗೆ ತುಂಬ ತೃಪ್ತಿಯಾಗಿದೆ. ಬರಿಯ ಟೈರುಗಳು ನೀರನ್ನು ಕಲಕುತ್ತವೆಯೇ ಹೊರತು ಹೆಚ್ಚು ತಳ್ಳುವುದಿಲ್ಲ. ಟ್ರ್ಯಾಕಿನ ಹಲ್ಲುಗಳು ದೋಣಿಯ ಹುಟ್ಟಿನಂತೆ ಕೆಲಸ ಮಾಡಿ ವೇಗವನ್ನು ಸ್ಪಷ್ಟವಾಗಿ ಹೆಚ್ಚಿಸುತ್ತವೆ. ಪ್ಲಾಸ್ಟಿಕ್ ನೀರಿಗಿಂತ ಹಗುರವಾದ್ದರಿಂದ ಮುಳುಗಿರುವ ಭಾಗವು ವಾಹನವನ್ನು ಕೆಳಕ್ಕೆ ಜಗ್ಗುವುದೂ ಇಲ್ಲ. ಜೌಗು ನೆಲದಲ್ಲಿ ಭಾರ ಅಗಲಕ್ಕೆ ಹರಡುವುದರಿಂದ, ಹಿಂದೆ ಚಕ್ರಗಳು ಹೂತುಹೋಗುತ್ತಿದ್ದ ಜಾಗಗಳನ್ನು ಈಗ ನಿಲ್ಲದೆ ದಾಟುತ್ತೇನೆ.

ಗಟ್ಟಿ ನೆಲದಲ್ಲಿ ಮಾತ್ರ ಇವು ಬೇಡ. ಒಂದು ಬದಿಯನ್ನು ತಡೆದು ಇನ್ನೊಂದು ಬದಿಯನ್ನು ಓಡಿಸಿ ತಿರುಗಿಸುವ ಈ ವಾಹನಗಳಲ್ಲಿ, ಅಗಲವಾದ ಟ್ರ್ಯಾಕ್ ನೆಲವನ್ನು ಹಿಡಿದಷ್ಟೂ ಡ್ರೈವ್ ಚೈನ್ ಮತ್ತು ಆಕ್ಸಲ್ ಬೇರಿಂಗ್‌ಗಳ ಮೇಲಿನ ಹೊರೆ ಏರುತ್ತದೆ. ಚೈನಿನ ಬಿಗಿತವನ್ನು ನಾನು ಮೊದಲಿಗಿಂತ ಬೇಗ ಬೇಗ ಸರಿಪಡಿಸಬೇಕಾಗಿದೆ. ಒದ್ದೆ ಬಂಡೆಯ ಮೇಲೆ, ಅಡ್ಡ ಇಳಿಜಾರಿನಲ್ಲಿ ಪ್ಲಾಸ್ಟಿಕ್ ಜಾರುತ್ತದೆ.

ಬಿಸಿಲಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಟ್ರ್ಯಾಕ್ ಪೆಡಸಾಗಿರುತ್ತದೆ. ಕೊಂಡಿಯನ್ನು ಬಾಗಿಸಿದಾಗ ಬೆಳ್ಳಗಿನ ಸಣ್ಣ ಬಿರುಕುಗಳು ಕಂಡರೆ ಕೊಳ್ಳದಿರುವುದೇ ಲೇಸು, ಏಕೆಂದರೆ ಪಾಲಿಎಥಿಲೀನ್‌ಗೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ. ಮೂರನೇ ವರ್ಷ ನನ್ನ ಒಂದು ಕೊಂಡಿ ಸೀಳಿದಾಗ ನೆರವಿಗೆ ಬಂದದ್ದು ಮೊದಲ ವರ್ಷ ತೆಗೆದಿಟ್ಟಿದ್ದ ಕೊಂಡಿಯೇ. ಬಹುಮಟ್ಟಿಗೆ ಉಳಿದವುಗಳಷ್ಟೇ ಸವೆದಿದ್ದುದರಿಂದ ಅದು ಅಳತೆಗೂ ಸರಿಯಾಗಿ ಕೂತಿತು. ಇನ್ನೊಂದನ್ನು, ಒಂದು ಪಿನ್ನಿನ ಸಮೇತ, ವಾಹನದಲ್ಲೇ ಇಟ್ಟುಕೊಂಡಿದ್ದೇನೆ.