ಪ್ಲಗ್ಗಿಗೆ ಸಿಕ್ಕಿಸುವ ವಿದ್ಯುತ್ ಮೀಟರ್: ಆರು ತಿಂಗಳ ಬಳಕೆಯ ನಂತರ

ಹತ್ತನೆಯ ತರಗತಿಗೆ ಭೌತವಿಜ್ಞಾನ ಕಲಿಸುವ ನನಗೆ ಓಮ್‌ನ ನಿಯಮವನ್ನು (ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ) ಮನೆಯ ಉಪಕರಣಗಳ ಮೇಲೆಯೇ ತೋರಿಸುವ ಆಸೆ ಬಹಳ ದಿನಗಳಿಂದ ಇತ್ತು. ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ, ಗೋಡೆಯ ಸಾಕೆಟ್ಟಿಗೂ ಉಪಕರಣದ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ಚಿಕ್ಕ ಮೀಟರೊಂದನ್ನು ಸುಮಾರು 900 ರೂಪಾಯಿ ಕೊಟ್ಟು ತಂದೆ. ವೋಲ್ಟೇಜ್, ಕರೆಂಟು, ವ್ಯಾಟ್, ಪವರ್ ಫ್ಯಾಕ್ಟರ್ (ವೋಲ್ಟೇಜ್ ಮತ್ತು ಕರೆಂಟಿನ ಗುಣಲಬ್ಧದಲ್ಲಿ ನಿಜವಾದ ವ್ಯಾಟಿನ ಪಾಲು) ಮತ್ತು ಬಳಸಿದ ಯೂನಿಟ್ಟುಗಳನ್ನು ಅದು ಬೇರೆ ಬೇರೆಯಾಗಿ ತೋರಿಸುತ್ತದೆ. ಹೀಗೆ ಬೇರೆ ಬೇರೆಯಾಗಿ ತೋರಿಸುವುದೇ ಅದರ ದೊಡ್ಡ ಗುಣ. ವೋಲ್ಟೇಜ್, ಕರೆಂಟು ಮತ್ತು ಪವರ್ ಫ್ಯಾಕ್ಟರ್ ಗೊತ್ತಾದರೆ ಉಳಿದುದನ್ನು ನಾವೇ ಲೆಕ್ಕ ಹಾಕಿ ಮೀಟರನ್ನೂ ಪರೀಕ್ಷಿಸಬಹುದು.

ಮೊದಲ ಪರೀಕ್ಷೆ ಇಸ್ತ್ರಿ ಪೆಟ್ಟಿಗೆಯದು. ಅದರ ಮೇಲೆ 230 ವೋಲ್ಟ್, 1000 ವ್ಯಾಟ್ ಎಂದು ಬರೆದಿದೆ. ವೋಲ್ಟೇಜಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿದರೆ ರೋಧ 52.9 ಓಮ್ ಬರಬೇಕು. ಬೆಳಿಗ್ಗೆ ಮೀಟರು 224 ವೋಲ್ಟ್ ಮತ್ತು 4.23 ಆಂಪಿಯರ್ ತೋರಿಸಿತು. ಭಾಗಿಸಿದರೆ 53 ಓಮ್, ಗುಣಿಸಿದರೆ ಸುಮಾರು 948 ವ್ಯಾಟ್. ಸಂಜೆ ವೋಲ್ಟೇಜ್ 206ಕ್ಕೆ ಇಳಿದಾಗ ಕರೆಂಟು 3.89 ಆಂಪಿಯರ್ ಆಯಿತು, ರೋಧ ಮಾತ್ರ 53 ಓಮ್‌ನಲ್ಲಿಯೇ ನಿಂತಿತು, ಏಕೆಂದರೆ ಒಳಗಿನ ನಿಕ್ರೋಮ್ ತಂತಿಯ ರೋಧ ಬಿಸಿಯೇರಿದರೂ ಹೆಚ್ಚು ಬದಲಾಗುವುದಿಲ್ಲ. ಆದರೆ ಸಾಮರ್ಥ್ಯ 801 ವ್ಯಾಟಿಗೆ ಕುಸಿದಿತ್ತು. ವೋಲ್ಟೇಜ್ ಶೇಕಡಾ 8ರಷ್ಟು ಇಳಿದರೆ ಸಾಮರ್ಥ್ಯ ಶೇಕಡಾ 15ರಷ್ಟು ಇಳಿಯುತ್ತದೆ ಎಂಬುದನ್ನು ಮಕ್ಕಳು ಸೂತ್ರದಲ್ಲಿ ಎಷ್ಟು ಸಲ ಬರೆದರೂ, ಸಂಜೆ ಪೆಟ್ಟಿಗೆ ಕಾಯಲು ತಡವಾಗುವುದಕ್ಕೆ ಕಾರಣ ಅದೇ ಎಂದು ಕಣ್ಣೆದುರು ಕಂಡಾಗ ಆಗುವ ಅರಿವು ಬೇರೆಯೇ.

ಈ ಅಂಕಿಗಳನ್ನು ನಂಬಬಹುದೇ ಎಂದು ನೋಡಲು ಮನೆಯ ಉಳಿದೆಲ್ಲ ಸ್ವಿಚ್ಚುಗಳನ್ನು ಆರಿಸಿ, ಗೋಡೆಯ ಮೇಲಿನ ಮುಖ್ಯ ಮೀಟರಿನ ಕೆಂಪು ದೀಪದ ಮಿಣುಕನ್ನು ಎಣಿಸಿದೆ. ನಮ್ಮ ಮೀಟರಿನಲ್ಲಿ ಒಂದು ಯೂನಿಟ್ಟಿಗೆ 3200 ಮಿಣುಕು. ಇಸ್ತ್ರಿ ಪೆಟ್ಟಿಗೆ ಕಾಯುತ್ತಿರುವಾಗ 50 ಮಿಣುಕಿಗೆ 59.5 ಸೆಕೆಂಡು ಹಿಡಿಯಿತು. ಅಂದರೆ 945 ವ್ಯಾಟ್. 900 ರೂಪಾಯಿಯ ಉಪಕರಣಕ್ಕೆ ಇದು ನಾನು ನಿರೀಕ್ಷಿಸಿದ್ದಕ್ಕಿಂತ ಉತ್ತಮ ಫಲಿತಾಂಶ.

ಸಣ್ಣ ಹೊರೆಗಳಲ್ಲಿ ಇದೇ ಮಾತನ್ನು ಹೇಳಲಾರೆ. ಕರೆಂಟನ್ನು ಎರಡು ದಶಮಾಂಶದವರೆಗೆ ಮಾತ್ರ ತೋರಿಸುವುದರಿಂದ 60 ವ್ಯಾಟಿನ ಹಳೆಯ ಬಲ್ಬಿಗೆ 224 ವೋಲ್ಟಿನಲ್ಲಿ 0.26 ಆಂಪಿಯರ್ ಎಂದು ಬಂದರೆ, ಅದರ ರೋಧ 845 ಓಮ್‌ನಿಂದ 878 ಓಮ್‌ವರೆಗೆ ಎಷ್ಟಾದರೂ ಇರಬಹುದು. (ಅದೇ ಬಲ್ಬನ್ನು ತಣ್ಣಗಿರುವಾಗ ಮಲ್ಟಿಮೀಟರಿನಲ್ಲಿ ಅಳೆದರೆ 64 ಓಮ್, ಟಂಗ್‌ಸ್ಟನ್ ತಂತಿ ನಿಕ್ರೋಮಿನಂತಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ತರಗತಿಯಲ್ಲಿ ಸಿಗುವುದಿಲ್ಲ.) 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ 0.07 ಆಂಪಿಯರ್ ಬಂತು. 224ರಿಂದ ಗುಣಿಸಿದರೆ 15.7 ಆಗುತ್ತದೆ, ಮೀಟರು ತೋರಿಸಿದ್ದು 9 ವ್ಯಾಟ್. ಇದು ಮೀಟರಿನ ತಪ್ಪಲ್ಲ. ಎಸಿ ಕರೆಂಟಿನಲ್ಲಿ ಗುಣಲಬ್ಧವನ್ನು ಪವರ್ ಫ್ಯಾಕ್ಟರಿನಿಂದಲೂ ಗುಣಿಸಬೇಕು, ಇಲ್ಲಿ ಅದು 0.57 ಇತ್ತು. ಆದ್ದರಿಂದ ಪವರ್ ಫ್ಯಾಕ್ಟರ್ ತೋರಿಸದ ಅಗ್ಗದ ಮಾದರಿಗಳನ್ನು ಕೊಳ್ಳಬೇಡಿರಿ ಎಂದು ಒತ್ತಿ ಹೇಳುತ್ತೇನೆ.

ಈ ಮೀಟರಿನ ನಿಜವಾದ ಬೆಲೆ ನನಗೆ ತಿಳಿದದ್ದು ಬಚ್ಚಲುಮನೆಯ ಗೀಸರಿನಿಂದ. ಗೀಸರ್ ಆರಿಸಿದ್ದಾಗ ಸಾಕೆಟ್ಟಿನಲ್ಲಿ 229 ವೋಲ್ಟ್ ಇತ್ತು, ಹಾಕಿದೊಡನೆ 221ಕ್ಕೆ ಇಳಿಯಿತು, ಕರೆಂಟು 8.36 ಆಂಪಿಯರ್. ಹೊರಗಿನ ಸರಬರಾಜಿನ ಏರಿಳಿತವಿರಬಹುದೆಂದು ಮೂರು ಸಲ ಹಾಕಿ ಆರಿಸಿ ನೋಡಿದೆ. ಪ್ರತಿ ಸಲವೂ ಅದೇ 8 ವೋಲ್ಟ್. ಈ 8ನ್ನು 8.36ರಿಂದ ಭಾಗಿಸಿದರೆ ದಾರಿಯಲ್ಲಿ ಎಲ್ಲೋ 0.96 ಓಮ್ ರೋಧವಿದೆ ಎಂದಾಯಿತು, ಗುಣಿಸಿದರೆ ಸುಮಾರು 67 ವ್ಯಾಟ್ ಶಾಖ ನೀರಿಗೆ ಸೇರದೆ ದಾರಿಯಲ್ಲೇ ವ್ಯರ್ಥವಾಗುತ್ತಿದೆ ಎಂದಾಯಿತು. ಎಲೆಕ್ಟ್ರಿಷಿಯನ್ ಬಂದು ಮೇನ್ ಸ್ವಿಚ್ ಆರಿಸಿ ಬಿಚ್ಚಿದಾಗ, ಗೀಸರಿನ ಸ್ವಿಚ್ಚಿನ ಒಂದು ಸ್ಕ್ರೂ ಸಡಿಲವಾಗಿ ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಸ್ವಿಚ್ಚು ಬದಲಿಸಿ ತಂತಿಯನ್ನು ಬಿಗಿಗೊಳಿಸಿದ ಮೇಲೆ ಕುಸಿತ 4 ವೋಲ್ಟಿಗೆ, ನಷ್ಟ 34 ವ್ಯಾಟಿಗೆ ಇಳಿಯಿತು. ಅಂದರೆ ಸುಮಾರು 33 ವ್ಯಾಟ್ ಆ ಒಂದು ಸ್ಕ್ರೂವಿನ ಬಳಿಯೇ ಶಾಖವಾಗುತ್ತಿತ್ತು. ಬೆಸುಗೆಯನ್ನು ಕರಗಿಸುವ ಸಣ್ಣ ಸಾಲ್ಡರಿಂಗ್ ಐರನ್ನಿನ ಸಾಮರ್ಥ್ಯ ಸುಮಾರು 25 ವ್ಯಾಟ್ ಎಂಬುದನ್ನು ನೆನೆದಾಗ ನನ್ನ ಎದೆ ನಡುಗಿತು.

ಕೊರತೆಗಳೂ ಇವೆ. 16 ಆಂಪಿಯರ್ ತಡೆಯುತ್ತದೆ ಎಂದು ಮೇಲೆ ಅಚ್ಚು ಹಾಕಿದ್ದರೂ ಗೀಸರಿನ ಎಂಟು ಆಂಪಿಯರಿಗೇ ಹದಿನೈದು ನಿಮಿಷದಲ್ಲಿ ಅದರ ಮೈ ಬೆಚ್ಚಗಾಗುತ್ತದೆ. ಅಷ್ಟು ದೊಡ್ಡ ಹೊರೆಗೆ ಕೆಲವು ನಿಮಿಷ ಅಳೆಯಲು ಮಾತ್ರ ಬಳಸುವುದು ಕ್ಷೇಮ. ಫ್ರಿಜ್ಜಿನ ಕಂಪ್ರೆಸರ್ ಶುರುವಾಗುವ ಕ್ಷಣದ ಹೆಚ್ಚಿನ ಕರೆಂಟನ್ನು ಅದು ಹಿಡಿಯುವುದೇ ಇಲ್ಲ. ಸಾಕೆಟ್ಟು ಕೆಳಗಿದ್ದರೆ ಅಂಕಿ ಓದಲು ನೆಲದ ಮೇಲೆ ಕೂರಬೇಕು.

ಈಗ ಅದು ಟಿವಿಯ ಸೆಟ್‌ಟಾಪ್ ಬಾಕ್ಸಿಗೆ ಸಿಕ್ಕಿಕೊಂಡಿದೆ. ರಿಮೋಟಿನಿಂದ ಆರಿಸಿದರೂ ಅದು 8 ವ್ಯಾಟ್ ಎಳೆಯುತ್ತಲೇ ಇರುತ್ತದೆ. ಇಪ್ಪತ್ನಾಲ್ಕು ಗಂಟೆಯೂ ಹಾಗೆಯೇ ಬಿಟ್ಟರೆ ತಿಂಗಳಿಗೆ 5.76 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ಟಿನ ಅಂಚಿನಲ್ಲಿರುವ ನಮ್ಮ ಮನೆಗೆ ಇದು ಸಣ್ಣ ಅಂಕಿಯಲ್ಲವಾದ್ದರಿಂದ, ರಾತ್ರಿ ಮಲಗುವ ಮುನ್ನ ಗೋಡೆಯ ಸ್ವಿಚ್ಚನ್ನೇ ಆರಿಸುವ ಕೆಲಸವನ್ನು ಮಗಳು ವಹಿಸಿಕೊಂಡಿದ್ದಾಳೆ.