"ಸಾಯೋವರೆಗೂ ನಾವೇ ನೋಡ್ಕೋತೀವಿ" ಅಂದವರ ಕೈಗೆ ಮೊಲ ಕೊಡುವ ಮುಂಚೆ

ಸಾಕಿದ ಮೊಲಕ್ಕೆ ಬೇರೆ ಮನೆ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ನಾವು ಕೊಟ್ಟಿದ್ದು ಐದು ಮೊಲ, ವಾಪಸ್ ಸಿಕ್ಕಿದ್ದು ಒಂದು.

ಮೊದಲ ತಪ್ಪು ನಮ್ಮದೇ. 2023ರ ಜನವರಿಯಲ್ಲಿ ಜಾತ್ರೆಯಲ್ಲಿ ಮಗಳು ಹಟ ಹಿಡಿದಳು ಅಂತ, ಬುಟ್ಟಿಯಲ್ಲಿಟ್ಟು ಮಾರುತ್ತಿದ್ದವನಿಂದ ಎರಡು ಮರಿ ತಂದೆವು. ಜೋಡಿಗೆ 600 ರೂಪಾಯಿ. "ಎರಡೂ ಹೆಣ್ಣೇ ಕಣಕ್ಕ" ಅಂದಿದ್ದ. ಕಂದು ಬಣ್ಣದ್ದು ಬೆಲ್ಲ, ಬೂದಿ ಬಣ್ಣದ್ದು ಕಡ್ಲೆ. ಜೂನ್ ತಿಂಗಳ ಒಂದು ಬೆಳಿಗ್ಗೆ ನೋಡಿದರೆ ಬೆಲ್ಲ ತನ್ನ ಹೊಟ್ಟೆಯ ಕೂದಲನ್ನೇ ಕಿತ್ತು ರಟ್ಟಿನ ಡಬ್ಬದಲ್ಲಿ ಗೂಡು ಮಾಡಿದೆ, ಒಳಗೆ ಕಣ್ಣು ಬಿಡದ, ಮೈಮೇಲೆ ಕೂದಲೇ ಇಲ್ಲದ ಐದು ಮರಿ! ಮೊಲ ಸುಮಾರು 30 ದಿನಕ್ಕೆ ಮರಿ ಹಾಕುತ್ತದೆ, ಹಾಕಿದ ದಿನವೇ ಮತ್ತೆ ಗಬ್ಬವಾಗಬಲ್ಲದು ಅನ್ನುವುದು ನಮಗೆ ಗೊತ್ತಿರಲಿಲ್ಲ. ಎದುರು ಮನೆಯ ಹುಡುಗ ಓಡಿ ಬಂದು, ಕಡ್ಲೆ ಗಂಡು ಅಂತ ಹೇಳಿ ಅದನ್ನು ಬೇರೆ ಕೋಣೆಗೆ ಹಾಕಿಸಿದ. ಎರಡು ಮರಿ ಸತ್ತವು, ಮೂರು ಉಳಿದವು.

ಅಷ್ಟರಲ್ಲಿ ಯಜಮಾನರಿಗೆ ಮೈಸೂರಿಂದ ಕಲಬುರಗಿಗೆ ವರ್ಗ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು. ಮೊಲ ಬೆವರುವುದಿಲ್ಲ, ಮೈಯ ಕಾವನ್ನು ಹೆಚ್ಚಾಗಿ ಕಿವಿಯ ಮೂಲಕವೇ ಹೊರಹಾಕಬೇಕು. 30 ಡಿಗ್ರಿಗೇ ಅದಕ್ಕೆ ಏದುಸಿರು. ಕರೆದೊಯ್ಯಲು ಧೈರ್ಯ ಬರಲಿಲ್ಲ. "ಬೆಟ್ಟದ ಕಡೆ ಬಿಟ್ಟುಬಿಡಿ, ಕಾಡಲ್ಲಿ ಮೊಲ ಇರಲ್ವಾ" ಅಂದವರು ಒಬ್ಬಿಬ್ಬರಲ್ಲ. ನಮ್ಮ ಹೊಲ-ಕಾಡಿನ ಮೊಲ ಬೇರೆಯೇ ಜಾತಿ. ಅದರ ಮರಿ ಹುಟ್ಟುವಾಗಲೇ ಕೂದಲು ಹೊತ್ತು ಕಣ್ಣು ಬಿಟ್ಟಿರುತ್ತದೆ. ಸಾಕುಮೊಲದ ಮೂಲ ಯುರೋಪು. ಪಂಜರದಲ್ಲಿ ಬೆಳೆದ ಅದನ್ನು ಬಯಲಿಗೆ ಬಿಟ್ಟರೆ ನಾಯಿ, ಹದ್ದಿನ ಬಾಯಿಗೆ ಕೊಟ್ಟಂತೆ. ಸಾಕಿದ ಪ್ರಾಣಿಯನ್ನು ಹಸಿವು-ಬಾಯಾರಿಕೆಗೆ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ ಕೂಡ.

ಆಗ ಸಿಕ್ಕಿದ್ದು ಬೆಂಗಳೂರಿನ ಹೊರವಲಯದ ಒಂದು "ಆಶ್ರಯಧಾಮ". ಫೋನಲ್ಲಿ ಮಾತು ಬೆಣ್ಣೆಯಂತಿತ್ತು. "ಐದೂ ಕೊಡಿ ಮೇಡಂ, ಸಾಯೋವರೆಗೂ ನಾವೇ ನೋಡ್ಕೋತೀವಿ." ಒಂದೇ ಸಲ 8,000 ರೂಪಾಯಿ ಕಟ್ಟಿದೆವು. ಅಕ್ಟೋಬರ್‌ನಲ್ಲಿ ಅವರೇ ಕಾರು ಕಳಿಸಿದರು. ನಾವು ಜಾಗ ನೋಡಲಿಲ್ಲ, ಮನೆ ಖಾಲಿ ಮಾಡುವ ಗಡಿಬಿಡಿ. ಅವರು ನಮ್ಮನ್ನು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ: ವಯಸ್ಸೆಷ್ಟು, ಗಂಡೆಷ್ಟು ಹೆಣ್ಣೆಷ್ಟು, ಸಂತಾನಹರಣದ ಆಪರೇಷನ್ ಆಗಿದೆಯಾ, ಏನು ತಿನ್ನುತ್ತವೆ, ಏನೂ ಇಲ್ಲ. ಅದನ್ನೇ ನಾನು ಒಳ್ಳೆಯತನ ಅಂದುಕೊಂಡೆ ನೋಡಿ.

ತಿಂಗಳಿಗೊಂದು ಫೋಟೋ ಬರುತ್ತಿತ್ತು. ಮಾರ್ಚ್‌ನಲ್ಲಿ ಬಂದ ಫೋಟೋವನ್ನು ದೊಡ್ಡದು ಮಾಡಿ ನೋಡುತ್ತಿದ್ದ ಮಗಳು "ಅಮ್ಮಾ, ಹಿಂದಿನ ಗೋಡೆ ಕ್ಯಾಲೆಂಡರ್‌ನಲ್ಲಿ ಅಕ್ಟೋಬರ್ ಅಂತಿದೆ" ಅಂದಳು. ಹೊಟ್ಟೆಯೊಳಗೆ ಏನೋ ಕಲಕಿದಂತಾಯಿತು. ಎಲ್ಲಾ ಫೋಟೋ ಮೊದಲ ದಿನವೇ ತೆಗೆದಿಟ್ಟವು.

ಅದೇ ತಿಂಗಳು ಬೆಂಗಳೂರಲ್ಲಿ ಮದುವೆಯಿತ್ತು. ಮುಹೂರ್ತ ಮುಗಿದಿದ್ದೇ, ರೇಷ್ಮೆ ಸೀರೆಯಲ್ಲೇ, ಹೇಳದೆ ಕೇಳದೆ ಹೋದೆವು. ಶೀಟ್ ಹಾಕಿದ ಶೆಡ್, ಒಂದರ ಮೇಲೊಂದು ಮೂರು ಅಂತಸ್ತು ತಂತಿ ಪಂಜರ. ಮೇಲಿನದರ ಹಿಕ್ಕೆ-ಮೂತ್ರ ಕೆಳಗಿನದರ ತಲೆ ಮೇಲೆ. ಬಾಡಿದ ಎಲೆಕೋಸಿನ ಸಿಪ್ಪೆ ಬಿಟ್ಟರೆ ಒಂದೆಳೆ ಒಣಹುಲ್ಲಿಲ್ಲ. ಮೊಲದ ಊಟದಲ್ಲಿ ಬಹುಪಾಲು ಹುಲ್ಲೇ ಇರಬೇಕು; ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುವುದರಿಂದ ಹುಲ್ಲು ಅಗಿದೇ ಸವೆಯಬೇಕು. ಗಂಡು ಹೆಣ್ಣು ಒಟ್ಟಿಗೆ. ಎಲ್ಲಿ ನೋಡಿದರೂ ಮರಿಗಳು. ನಾವು ನಿಂತಿದ್ದಾಗಲೇ ಒಬ್ಬ ಬೈಕಿನಲ್ಲಿ ಬಂದು, 400ರಂತೆ ಎರಡು ಮರಿ ಕೊಂಡು, ರಟ್ಟಿನ ಡಬ್ಬಕ್ಕೆ ಹಾಕಿಕೊಂಡು ಹೋದ. ಆಶ್ರಯಧಾಮವಂತೆ!

ಬೆಲ್ಲ ಸಿಕ್ಕಿತು. ಹಿಂಗಾಲಿನ ಅಡಿ ತಂತಿಗೆ ಉಜ್ಜಿ ಕೂದಲೆಲ್ಲ ಹೋಗಿ ಹುಣ್ಣಾಗಿತ್ತು, ಮತ್ತೆ ಗಬ್ಬವಾಗಿತ್ತು. ಕಡ್ಲೆ ಎಲ್ಲಿ ಅಂದರೆ "ದತ್ತು ಕೊಟ್ವಿ". ಯಾರಿಗೆ? ಕಾಗದ ಇಲ್ಲ, ಫೋನ್ ನಂಬರ್ ಇಲ್ಲ. ಮೂರು ಮರಿಗಳ ಬಗ್ಗೆ ಕೇಳಿದಾಗ ಆ ಮನುಷ್ಯ ಬೇರೆ ಕಡೆ ನೋಡಿದ. ಯಜಮಾನರು ಜಗಳಕ್ಕೆ ನಿಂತರು, ನಾನು ಬೆಲ್ಲನನ್ನು ಸೆರಗಿನಲ್ಲಿ ಸುತ್ತಿಕೊಂಡು ಕಾರಲ್ಲಿ ಕೂತೆ.

ಒಂದು ಮಾತು ಹೇಳಲೇಬೇಕು. ದಾರಿಯಲ್ಲಿ ಸಿಕ್ಕ ಕ್ಲಿನಿಕ್‌ನಲ್ಲಿ ನಾಯಿಗೆ ಬರೆಯುವಂತೆ ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯಾಟಿಕ್ ಸಿರಪ್ ಬರೆದುಕೊಟ್ಟರು. ಮೈಸೂರಿನಲ್ಲಿ ಮೊಲ ನೋಡಿ ಗೊತ್ತಿದ್ದ ಡಾಕ್ಟರು ಚೀಟಿ ನೋಡಿ ಬೆಚ್ಚಿಬಿದ್ದರು. ಆ ಔಷಧ ಬಾಯಿಗೆ ಹಾಕಿದರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಜೀವಕ್ಕೇ ಕುತ್ತಂತೆ. ಮೊಲ ಅರ್ಧ ದಿನ ಏನೂ ತಿನ್ನದೆ, ಹಿಕ್ಕೆ ಹಾಕದೆ ಕೂತರೆ ನಾಳೆಗೆ ಅಂತ ಕಾಯಬೇಡಿ ಅಂತಲೂ ಹೇಳಿದರು.

ಬೆಲ್ಲ ಈಗ ಮೈಸೂರಲ್ಲಿ ತಂಗಿಯ ಮನೆಯಲ್ಲಿದೆ, ಆಪರೇಷನ್ ಆಗಿದೆ. ಆಪರೇಷನ್‌ಗೆ ಮುಂಚೆ ಅದು ಹಾಕಿದ ನಾಲ್ಕು ಮರಿಗಳನ್ನು ಈ ಸಲ ವಿಚಾರಿಸದೆ ಯಾರಿಗೂ ಕೊಡಲಿಲ್ಲ. ಎರಡನ್ನು ಒಬ್ಬ ಟೀಚರ್ ತಗೊಂಡರು. ಅದಕ್ಕೆ ಮುಂಚೆ ಆಕೆ ನನ್ನನ್ನು ಮುಕ್ಕಾಲು ಗಂಟೆ ವಿಚಾರಣೆ ಮಾಡಿದರು, ನಾನು ಅವರ ಮನೆಗೆ ಹೋಗಿ ಇಲಿ, ಬೆಕ್ಕು ಬರುವ ಕಿಂಡಿಗಳನ್ನೆಲ್ಲ ನೋಡಿ ಬಂದೆ. ಸಾಕಲಾಗದಿದ್ದರೆ ನಮಗೇ ವಾಪಸ್ ಕೊಡಬೇಕು ಅಂತ ಬರೆಸಿಕೊಂಡೆ. ಉಳಿದೆರಡಕ್ಕೆ ಒಂದು ನಿಜವಾದ ರಕ್ಷಣಾ ಕೇಂದ್ರವನ್ನು ಕೇಳಿದಾಗ "ಜಾಗ ತುಂಬಿದೆ, ಆಪರೇಷನ್ ಮಾಡಿಸಿ, ಮೂರು ತಿಂಗಳು ನೀವೇ ಇಟ್ಕೊಳ್ಳಿ, ಮನೆ ಹುಡುಕೋಣ" ಅಂದರು. ಕೇಳಿ ಸಿಟ್ಟು ಬಂದಿತ್ತು. ಮೊಲ ಎಂಟು-ಹತ್ತು ವರ್ಷ ಬದುಕುತ್ತದೆ, ಅಷ್ಟೂ ವರ್ಷದ ಲೆಕ್ಕ ಹಾಕುವವರು ಫೋನಲ್ಲೇ "ತನ್ನಿ" ಅನ್ನುವುದಿಲ್ಲ ಅಂತ ಈಗ ಅರ್ಥವಾಗಿದೆ. ಯಾವ ಧಾಮಕ್ಕೆ ಹೋದರೂ ಮರಿಗಳಿವೆಯಾ ನೋಡಿ. ಅಲ್ಲೇ ಹುಟ್ಟಿದ ಮರಿ ಮೇಲಿಂದ ಮೇಲೆ ಕಂಡರೆ ತಂದ ಮೊಲದ ಬುಟ್ಟಿಯನ್ನು ಹಾಗೇ ಎತ್ತಿಕೊಂಡು ವಾಪಸ್ ಬನ್ನಿ.

ಬೆಂಗಳೂರಿನ ಕಡೆ ಯಾರಾದರೂ ಇತ್ತೀಚೆಗೆ ಬೂದಿ ಬಣ್ಣದ ಗಂಡು ಮೊಲ ತಂದಿದ್ದರೆ ಬಲಗಿವಿಯ ತುದಿ ನೋಡಿ. ಬಾಗಿಲಿಗೆ ಸಿಕ್ಕಿ ಆದ ಸಣ್ಣ ಸೀಳು ಇದ್ದರೆ ಅದು ಕಡ್ಲೆ. ವಾಪಸ್ ಕೇಳುವುದಿಲ್ಲ, ಹುಲ್ಲು ತಿನ್ನುತ್ತಿದೆಯಾ ಅಂತ ಒಂದು ಮಾತು ತಿಳಿಸಿದರೆ ಸಾಕು.